ಅರ್ಧ ಅಂಗುಲದ ಲೆಕ್ಕ

ರಿವರ್ಸ್ ಗೇರ್ ಹಾಕಿದೆ. ಗರ್ರ್ ಅಂತು.

ಡಿಡ್ಕಾಟ್‌ನ ಸೂಪರ್ ಮಾರ್ಕೆಟ್ ಪಾರ್ಕಿಂಗ್. ಶನಿವಾರ ಬೆಳಿಗ್ಗೆ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಅಜ್ಜ ಒಬ್ಬರು ನಿಂತು ತಿರುಗಿ ನೋಡಿದರು. ಹಲ್ಲು ಕಿತ್ತಿದ್ದು ತಮ್ಮದೇ ಅನ್ನುವ ಹಾಗೆ ಮುಖ ಕಿವುಚಿದರು. ಇಂಗ್ಲೆಂಡಿನ ಈ ಭಾಗದಲ್ಲಿ ಆ ವಯಸ್ಸಿನವರಿಗೆ ನನ್ನ ಕಾರಿನ ಸದ್ದೆಲ್ಲ ಗೊತ್ತು. ಅವರ ಅಣ್ಣನೋ ಭಾವನೋ ಯಾರಾದರೊಬ್ಬರು ಅದು ತಯಾರಾದ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿರುತ್ತಾರೆ.

ಕಾರು 1972ರ ಎಂಜಿಬಿ. ಎರಡು ಸೀಟು, ಬಟ್ಟೆಯ ಮಾಡು, ಕಡು ಹಸಿರು ಬಣ್ಣ. ಎಂ.ಜಿ. ಅಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್‌ನಲ್ಲಿ ಶುರುವಾದ ಕಂಪನಿ 1929ರಲ್ಲಿ ಅಬಿಂಗ್ಡನ್‌ಗೆ ಬಂತು. ಅಬಿಂಗ್ಡನ್ ನಮ್ಮನೆಯಿಂದ ಕಾಲು ಗಂಟೆ ದಾರಿ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿಗಳು ಅಲ್ಲಿಂದ ಹೊರಬಂದವು. 1980ರ ಅಕ್ಟೋಬರ್‌ನಲ್ಲಿ ಫ್ಯಾಕ್ಟರಿ ಮುಚ್ಚಿತು.

ಮಳವಳ್ಳಿ ಕಡೆಯ ರೈತನ ಮಗಳಿಗೆ ಈ ಕಾರಿನ ಹುಚ್ಚು ಹೇಗೆ ಹಿಡಿಯಿತು ಅಂತ ಕೇಳುವವರಿದ್ದಾರೆ. ನನ್ನ ಸೋದರಮಾವ ಮದ್ದೂರಿನಲ್ಲಿ ಅಂಬಾಸಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಅಂಬಾಸಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಅನ್ನುವ ಕಾರಿನಿಂದ. ಮಾವನ ಗಾಡಿಯಲ್ಲಿದ್ದ 1489 ಸಿಸಿಯ ಪೆಟ್ರೋಲ್ ಎಂಜಿನ್ನೂ ನನ್ನ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ಮನೆತನ. ಬಿ ಸೀರೀಸ್ ಅಂತ ಕರೆಯುತ್ತಾರೆ. ಮೊದಲ ಸಲ ಈ ಕಾರಿನ ಕೀ ತಿರುಗಿಸಿದಾಗ ನನಗೆ ಕೇಳಿಸಿದ್ದು ಸ್ಪೋರ್ಟ್ಸ್ ಕಾರಿನ ಗರ್ಜನೆ ಅಲ್ಲ. ಮದ್ದೂರು ಬಸ್ ಸ್ಟ್ಯಾಂಡ್. ಹಣ ಕೊಟ್ಟಿದ್ದು ಅದಕ್ಕೇ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.

ಕ್ಲಚ್ ವಿಷಯಕ್ಕೆ ಬರುತ್ತೇನೆ.

ಆ ದಿನದ ಗರ್ರ್ ಸದ್ದು ಒಂದು ವಾರದಲ್ಲಿ ಅಭ್ಯಾಸವಾಯಿತು. ಮುಂದಿನ ಗೇರುಗಳೂ ಬಿಗಿಯಾದವು. ಟ್ರಾಫಿಕ್ ಲೈಟ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿದ್ದರೂ ಕಾರು ಮೆಲ್ಲಗೆ ಮುಂದೆ ಜರುಗಲು ನೋಡುತ್ತಿತ್ತು, ಹಗ್ಗ ಜಗ್ಗುವ ಕರುವಿನ ಹಾಗೆ. ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಸೀಟಿನಲ್ಲಿ ಕೂತರು, ಗೇರ್ ಹಾಕಿದರು, ಗರ್ರ್ ಅನ್ನಿಸಿದರು, ಇಳಿದರು. "ಕ್ಲಚ್ ಹೋಗಿದೆ. ಎಂಜಿನ್ ಇಳಿಸಬೇಕು" ಅಂದರು. ಎರಡು ನಿಮಿಷದ ಕೆಲಸ.

ಎಂಜಿಬಿಯಲ್ಲಿ ಈ ಮಾತಿಗೆ ತೂಕ ಜಾಸ್ತಿ. ಬೇರೆ ಎಷ್ಟೋ ಕಾರುಗಳಲ್ಲಿ ಗೇರ್ ಬಾಕ್ಸನ್ನು ಕೆಳಗಿನಿಂದ ಇಳಿಸಿ ಕ್ಲಚ್ ಪ್ಲೇಟ್ ಬದಲಿಸಬಹುದು. ಇದರಲ್ಲಿ ಹಾಗೆ ಆಗುವುದಿಲ್ಲ. ರೇಡಿಯೇಟರ್ ಬಿಚ್ಚಿ, ಕ್ರೇನ್ ತಂದು, ಎಂಜಿನ್ನನ್ನೇ ಮುಂದಿನಿಂದ ಮೇಲೆತ್ತಬೇಕು. ನಾನು ಹೆದರಿದೆ. ಹೆದರಿದವರು ಮಾಡುವ ಕೆಲಸವನ್ನೇ ಮಾಡಿದೆ. ಅದೇ ರಾತ್ರಿ ಹೊಸ ಕ್ಲಚ್ ಕಿಟ್ ಆರ್ಡರ್ ಮಾಡಿದೆ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್. ಮೂರು ದಿನಕ್ಕೆ ಭಾರವಾದ ಪೆಟ್ಟಿಗೆ ಬಂತು.

ಪೆಟ್ಟಿಗೆ ತೆರೆಯುವ ಮೊದಲು ಒಂದು ಪ್ರಶ್ನೆ ಬಂತು. ತಡವಾಗಿ ಬಂತು, ಆದರೂ ಬಂತಲ್ಲ. ನನ್ನ ಕ್ಲಚ್‌ಗೆ ಇರುವ ಕಾಯಿಲೆ ಯಾವುದು?

ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಕೂಡಿಸುವುದು, ಪೆಡಲ್ ಒತ್ತಿದಾಗ ಬೇರ್ಪಡಿಸುವುದು ಕ್ಲಚ್ ಪ್ಲೇಟಿನ ಕೆಲಸ. ಹಾಗಾಗಿ ಕ್ಲಚ್‌ಗೆ ಎರಡು ಕಾಯಿಲೆ. ಒಂದು ಹಿಡಿಯದಿರುವುದು. ಇನ್ನೊಂದು ಬಿಡದಿರುವುದು. ಎರಡಕ್ಕೂ ಜನ "ಕ್ಲಚ್ ಹೋಗಿದೆ" ಅಂತ ಒಂದೇ ಮಾತು ಹೇಳುತ್ತಾರೆ. ಆದರೆ ಒಂದಕ್ಕೊಂದು ತದ್ವಿರುದ್ಧ. ಹಿಡಿಯದ ಕ್ಲಚ್ ಅಂದರೆ ಸ್ಲಿಪ್. ಏರು ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಓಡುವುದಿಲ್ಲ. ಪ್ಲೇಟ್ ಸವೆದಿರುತ್ತದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿರುತ್ತದೆ. ಅದಕ್ಕೆ ಎಂಜಿನ್ ಇಳಿಸದೆ ಬೇರೆ ದಾರಿ ಇಲ್ಲ. ಬಿಡದ ಕ್ಲಚ್ ಅಂದರೆ, ಪೆಡಲ್ ಒತ್ತಿದರೂ ಪ್ಲೇಟ್ ಪೂರ್ತಿ ಬೇರೆಯಾಗುವುದಿಲ್ಲ. ಗೇರ್ ಬಾಕ್ಸ್ ಒಳಗೆ ತಿರುಗುತ್ತಲೇ ಇರುತ್ತದೆ. ಅದಕ್ಕೇ ಗೇರ್ ಕೂರುವುದಿಲ್ಲ. ಮೊದಲು ಕೂಗಾಡುವುದು ರಿವರ್ಸ್. ಈ ಕಾರಿನಲ್ಲಿ ಮುಂದಿನ ನಾಲ್ಕು ಗೇರಿಗೂ ಸಿಂಕ್ರೊಮೆಶ್, ಅಂದರೆ ಗೇರ್ ಕೂರುವ ಮೊದಲು ವೇಗ ಹೊಂದಿಸುವ ಏರ್ಪಾಡು ಇದೆ, ರಿವರ್ಸ್‌ಗೆ ಇಲ್ಲ. ಮುಂದಿನವು ಸಹಿಸಿಕೊಳ್ಳುತ್ತವೆ. ರಿವರ್ಸ್ ಸಹಿಸುವುದಿಲ್ಲ.

ಪರೀಕ್ಷೆ ಸುಲಭ. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟೆ. ಎಂಜಿನ್ ತಟಕ್ಕನೆ ನಿಂತಿತು. ಅಂದರೆ ಪ್ಲೇಟ್ ಚೆನ್ನಾಗಿ ಹಿಡಿಯುತ್ತಿದೆ. ನನ್ನದು ಬಿಡದ ಕಾಯಿಲೆ. ಬಿಡದ ಕಾಯಿಲೆಗೆ ಕಾರಣ ಬಹಳ ಸಲ ಎಂಜಿನ್ನಿನ ಹೊರಗೇ ಇರುತ್ತದೆ. ಯಾವಾಗಲೂ ಅಲ್ಲ. ವರ್ಷಗಟ್ಟಲೆ ಶೆಡ್‌ನಲ್ಲಿ ನಿಂತ ಕಾರಿನಲ್ಲಿ ಪ್ಲೇಟ್ ತುಕ್ಕು ಹಿಡಿದು ಎಂಜಿನ್ನಿನ ಹಿಂದಿನ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ ಅಂಟಿಕೊಳ್ಳುವುದುಂಟು. ಕ್ರ್ಯಾಂಕಿನ ತುದಿಯಲ್ಲಿರುವ ಪುಟ್ಟ ಸ್ಪಿಗಾಟ್ ಬುಷ್ ಬಿಗಿದುಕೊಂಡು ಗೇರ್ ಬಾಕ್ಸಿನ ಶಾಫ್ಟನ್ನು ತನ್ನ ಜೊತೆ ತಿರುಗಿಸುವುದೂ ಉಂಟು. ಆದರೆ ನನ್ನ ಕಾರು ವಾರವಾರ ಓಡುವ ಕಾರು. ಮೊದಲು ಹೊರಗಿನದನ್ನು ನೋಡಬೇಕಿತ್ತು.

ಕಾರಿನ ಕೆಳಗೆ ಮಲಗಿದೆ. ನಮ್ಮನೆಯವರನ್ನು ಪೆಡಲ್ ಮೇಲೆ ಕೂರಿಸಿದೆ. ಅಂದರೆ ಸೀಟಿನಲ್ಲಿ.

"ಒತ್ತಿ."

"ಒತ್ತಿದೆ."

"ಬಿಡಬೇಡಿ, ಹಾಗೇ ಹಿಡ್ಕೊಳ್ಳಿ."

"ಎಷ್ಟೊತ್ತು?"

ಪೆಡಲ್ ಒತ್ತಿದರೆ ಮೇಲಿನ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನಲ್ಲಿ ಕೆಳಕ್ಕೆ ತಳ್ಳುತ್ತದೆ. ಆ ಒತ್ತಡ ಬಂದು ಮುಟ್ಟುವ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಪಕ್ಕಕ್ಕೆ ಇದೆ. ಅದರ ಒಳಗಿಂದ ಒಂದು ರಾಡ್ ಹೊರಬಂದು ಕ್ಲಚ್ ಫೋರ್ಕನ್ನು, ಅಂದರೆ ಕ್ಲಚ್ ಬಿಡಿಸುವ ಸನ್ನೆಯನ್ನು ತಳ್ಳುತ್ತದೆ. ಕಾಲಿನಲ್ಲಿ ಒತ್ತಿದ್ದೆಲ್ಲ ಕೊನೆಗೆ ಬಂದು ಸೇರುವುದು ಆ ರಾಡಿಗೆ. ಅದು ಅರ್ಧ ಅಂಗುಲ, ಅಂದರೆ ಸುಮಾರು 13 ಮಿ.ಮೀ. ಚಲಿಸಬೇಕು. ಸ್ಕೇಲ್ ಹಿಡಿದು ನೋಡಿದೆ. 9 ಮಿ.ಮೀ.

ನಾಲ್ಕು ಮಿ.ಮೀ. ಎಲ್ಲಿ ಹೋಯಿತು?

ಸ್ಲೇವಿನ ರಬ್ಬರ್ ಟೋಪಿ ಒದ್ದೆಯಾಗಿತ್ತು. ಟೋಪಿ ಸರಿಸಿದೆ. ಕಪ್ಪು ದ್ರವ ಮೊಣಕೈವರೆಗೆ ಇಳಿಯಿತು. ಸಿಕ್ಕಿಬಿದ್ದ ಕಳ್ಳ ಅಂತ ಕುಣಿದೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಆ ನೀರಿಗೆ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಗುಳಿ ರಬ್ಬರ್ ಸೀಲನ್ನು ಕೆರೆಯುತ್ತದೆ. ಒಳಗೆ ಹಾಗೇ ಆಗಿತ್ತು. ಹೊಸ ಸ್ಲೇವ್ ತರಿಸಿದೆ. ಜೊತೆಗೆ ರಬ್ಬರ್ ಹೋಸ್ ಕೂಡ. ಹಳೇ ಹೋಸ್ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ, ಒತ್ತಡ ಬಿದ್ದಾಗ ಮಾತ್ರ ಬಲೂನಿನ ಹಾಗೆ ಉಬ್ಬಿ ಅಷ್ಟೋ ಇಷ್ಟೋ ಚಲನೆಯನ್ನು ತಿಂದುಹಾಕುತ್ತದೆ.

ಹಾಕುವುದು ಒಂದು ಗಂಟೆಯ ಕೆಲಸ. ಏರ್ ತೆಗೆಯುವುದು ಎರಡು ದಿನದ ಕೆಲಸ. ಈ ಕಾರಿನ ಕ್ಲಚ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಮಾಮೂಲಿ ರೀತಿಯಲ್ಲಿ ಪೆಡಲ್ ಒತ್ತಿ, ಸ್ಲೇವಿನಲ್ಲಿರುವ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿ, ಬಿಟ್ಟರೆ ಅಷ್ಟು ಬೇಗ ಹೊರಬರುವುದಿಲ್ಲ. ನಮ್ಮನೆಯವರು ನೂರು ಸಲ ಒತ್ತಿದರು. ನೂರ ಒಂದನೇ ಸಲ ಅವರ ಫೋನ್ ಬಂತು, ಎದ್ದು ಹೋದರು, ವಾಪಸ್ ಬರಲಿಲ್ಲ. ಕೊನೆಗೆ ಉಲ್ಟಾ ಮಾಡಿದೆ. ದೊಡ್ಡ ಸಿರಿಂಜಿಗೆ ಪೈಪ್ ಸಿಕ್ಕಿಸಿ, ಸ್ಲೇವಿನ ನಿಪ್ಪಲಿನಿಂದಲೇ ಆಯಿಲ್ ಒಳಗೆ ತಳ್ಳಿದೆ. ಗಾಳಿಗೆ ಮೇಲಕ್ಕೆ ಹೋಗುವುದೇ ಇಷ್ಟ. ಮೇಲೆ ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿ ಬುಳುಬುಳು ಅಂತ ಗುಳ್ಳೆ ಬಂದವು. (ಆ ಡಬ್ಬಿ ತುಂಬಿ ಹರಿದರೆ ಆಯಿಲ್ ಕಾರಿನ ಬಣ್ಣವನ್ನು ಸುಲಿದುಬಿಡುತ್ತದೆ. ಸುತ್ತ ಹಳೇ ಬಟ್ಟೆ ತುರುಕಿ, ಬಕೆಟ್ ನೀರು ಪಕ್ಕದಲ್ಲಿಟ್ಟುಕೊಳ್ಳಿ. ಬಾನೆಟ್ ಕೆಳಗೆ ಅಂಗೈಯಷ್ಟು ಜಾಗದಲ್ಲಿ ನನ್ನ ಕಾರಿಗೆ ಈಗ ಬಣ್ಣ ಇಲ್ಲ.)

ಮತ್ತೆ ಅಳೆದೆ. ಹತ್ತೂವರೆ.

ರಿವರ್ಸ್ ಹಾಕಿದೆ. ಗರ್ರ್. ಸ್ವಲ್ಪ ಮೆತ್ತಗೆ, ಅಷ್ಟೇ.

ಆ ಭಾನುವಾರ ಸಂಜೆ ಊರಿಗೆ ಫೋನ್ ಮಾಡಿದ್ದೆ. ಅಪ್ಪನಿಗೆ ಕಾರಿನ ಯಂತ್ರ ಗೊತ್ತಿಲ್ಲ. ಟ್ರ್ಯಾಕ್ಟರ್ ಕೂಡ ಬಾಡಿಗೆಗೆ ಕರೆಸುವವರು. ನನ್ನ ದನಿ ಕೇಳಿ, ಯಾಕವ್ವಾ ಸಪ್ಪಗಿದ್ದೀಯ ಅಂದರು. ಕಾಲಲ್ಲಿ ಒತ್ತಿದ್ದು ಕೊನೆಗೆ ಪೂರ್ತಿ ಹೋಗಿ ಮುಟ್ಟುತ್ತಿಲ್ಲ, ಮಧ್ಯದಲ್ಲಿ ಎಲ್ಲೋ ಕಳೆದುಹೋಗುತ್ತಿದೆ, ಕೊನೆಯ ಪಾರ್ಟ್ ಬದಲಿಸಿದೆ, ಆದರೂ ಅಷ್ಟೇ ಅಂದೆ.

ಅಪ್ಪ ನಕ್ಕರು. "ಕೊನೇಲಿ ನಿಂತ್ಕಂಡು ನೀರಿಲ್ಲ ನೀರಿಲ್ಲ ಅಂತ ಬಡ್ಕಂಡ್ರೆ ಬಂದದೇನವ್ವ? ತೂಬಿನ ತಾವಿಂದ ನಡ್ಕಂಡ್ ಬಾ."

ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ ಬಾಲದಲ್ಲಿದೆ. ಕನ್ನಂಬಾಡಿಯಿಂದ ಹೊರಟ ನೀರು ಹುಲಿಕೆರೆ ಸುರಂಗ ದಾಟಿ, ಮಂಡ್ಯ ಸೀಮೆಯನ್ನೆಲ್ಲ ಸುತ್ತಿ, ಸೀಳಿ ಸೀಳಿ ಸಣ್ಣದಾಗಿ ಕೊನೆಗೆ ನಮ್ಮ ಗದ್ದೆಗೆ ಬರಬೇಕು. ಬಾಲದ ರೈತರಿಗೆ ನೀರು ಬಂದರೆ ಬಂತು. ನಮ್ಮ ಸರದಿ ರಾತ್ರಿ ಬರುತ್ತಿತ್ತು. ನೀರುಗಂಟಿ ತೂಬು ಎತ್ತಿದ್ದೇನೆ ಅನ್ನುತ್ತಿದ್ದ. ಗದ್ದೆಯಲ್ಲಿ ನೋಡಿದರೆ ಒದ್ದೆಯೇ ಇಲ್ಲ. ಅಪ್ಪ ಟಾರ್ಚ್ ಹಿಡಿದು ತೂಬಿನವರೆಗೆ ಹೋಗಿ, ಅಲ್ಲಿಂದ ಕಾಲುವೆ ಏರಿಯ ಮೇಲೆ ವಾಪಸ್ ನಡೆದು ಬರುತ್ತಿದ್ದರು. ಹಿಂದೆ ನಾನು. ಒಂದು ಕಡೆ ಯಾರೋ ಮಣ್ಣು ಮೂಟೆ ಅಡ್ಡ ಹಾಕಿರುತ್ತಿದ್ದರು. ಅದು ಕಣ್ಣಿಗೆ ಕಾಣುವ ಕಳ್ಳತನ, ಜಗಳ ಆಡಬಹುದು. ಕಾಣದ್ದು ಏಡಿ ಬಿಲ. ಏರಿಯೊಳಗೆ ಏಡಿ ತೂತು ಕೊರೆದಿದ್ದರೆ ನೀರು ಸದ್ದಿಲ್ಲದೆ ಆ ಕಡೆಗೆ ಇಳಿದುಹೋಗುತ್ತದೆ. ಅಪ್ಪ ಟಾರ್ಚ್ ಆರಿಸಿ, ಕೂತು, ಕಿವಿ ಕೊಡುತ್ತಿದ್ದರು. ಒಂದು ಏಡಿ ಏನು ಮಹಾ ಕುಡಿಯುತ್ತೆ ಅಂತ ನಾನು ಕೇಳಿದ್ದುಂಟು. ಏಡಿ ಕುಡಿಯಲ್ಲ ಕಣವ್ವ, ಕುಡಿಸ್ತದೆ ಅಂದಿದ್ದರು. ಯಾರಿಗೆ ಅಂತ ಹೇಳಲಿಲ್ಲ.

ಮಾರನೇ ದಿನ ಕಾರಿನ ಕೆಳಗೆ ಹೋಗಲಿಲ್ಲ. ಮೇಲಿನಿಂದ ಶುರು ಮಾಡಿದೆ.

ತೂಬು ಅಂದರೆ ಪೆಡಲ್. ಪೆಡಲಿನ ಆಚೆಗೆ ಮಾಸ್ಟರ್ ಸಿಲಿಂಡರ್. ಅದರ ಒಳಗಿನ ಸೀಲ್ ಸೋತಿದ್ದರೆ ಹೊರಗೆ ಒಂದು ಹನಿಯೂ ಸೋರದೆ ಆಯಿಲ್ ಒಳಗೊಳಗೇ ಹಿಂದಕ್ಕೆ ಜಾರುತ್ತದೆ. ಅದಕ್ಕೂ ಪರೀಕ್ಷೆ ಇದೆ. ಪೆಡಲ್ ಒತ್ತಿ ಗೇರ್ ಹಾಕಿ, ಹಾಗೇ ಹಿಡಿದು ಕಾಯುವುದು. ಸೀಲ್ ಸೋತಿದ್ದರೆ ಹೊತ್ತು ಕಳೆದ ಹಾಗೆ ಕಾರು ಜಾಸ್ತಿ ಜಾಸ್ತಿ ಎಳೆಯುತ್ತದೆ. ನನ್ನದು ಮೊದಲ ಕ್ಷಣದಲ್ಲಿ ಎಷ್ಟು ಎಳೆಯುತ್ತಿತ್ತೋ ಒಂದು ನಿಮಿಷದ ನಂತರವೂ ಅಷ್ಟೇ. ಕಾರ್ಪೆಟ್ ಒಣಗಿತ್ತು. ಮಾಸ್ಟರ್ ತಪ್ಪಿಲ್ಲ. ಒಂದು ಪಾರ್ಟಿನ ದುಡ್ಡು ಉಳಿಯಿತು.

ಪೆಡಲ್ ಮತ್ತು ಮಾಸ್ಟರ್ ಸಿಲಿಂಡರಿನ ನಡುವೆ ಇರುವುದು ಒಂದೇ ಕೊಂಡಿ. ಬಾನೆಟ್ ಎತ್ತಿದರೆ ಡ್ರೈವರ್ ಕಡೆಗೆ ಒಂದು ತಗಡಿನ ಮುಚ್ಚಳ ಕಾಣುತ್ತದೆ. ನಾಲ್ಕಾರು ಸ್ಕ್ರೂ. ನಾನು ಈ ಕಾರು ತಗೊಂಡು ಆರು ವರ್ಷ ಆಗಿತ್ತು. ಆ ಮುಚ್ಚಳ ಒಂದು ಸಲವೂ ತೆಗೆದಿರಲಿಲ್ಲ. ತೆಗೆದೆ. ಪೆಡಲಿನ ಮೇಲ್ತುದಿ, ಮಾಸ್ಟರಿನ ರಾಡ್, ಎರಡನ್ನೂ ಜೋಡಿಸುವ ಪುಟ್ಟ ಕ್ಲೆವಿಸ್ ಪಿನ್. ನಮ್ಮನೆಯವರನ್ನು ಕಾಡಿ ಬೇಡಿ ಮತ್ತೆ ಕೂರಿಸಿದೆ.

"ಮೆಲ್ಲಗೆ ಒತ್ತಿ. ಇನ್ನೂ ಮೆಲ್ಲಗೆ."

ಪೆಡಲ್ ಚಲಿಸಿತು. ರಾಡ್ ಸುಮ್ನೆ ನಿಂತಿತ್ತು. ಪೆಡಲ್ ಇನ್ನೂ ಚಲಿಸಿತು. ಆಮೇಲೆ ರಾಡಿಗೆ ಎಚ್ಚರವಾಯಿತು.

ಪಿನ್ ಎಳೆದು ಅಂಗೈ ಮೇಲೆ ಇಟ್ಟುಕೊಂಡೆ. ದುಂಡಗೆ ಇರಬೇಕಾದ ಪಿನ್ನಿಗೆ ನಡು ಬಂದಿತ್ತು. ಎರಡೂ ಬದಿ ದಪ್ಪ, ಮಧ್ಯದಲ್ಲಿ ಸವೆದು ಮೆಟ್ಟಿಲಾಗಿತ್ತು. ಪೆಡಲಿನ ತೂತು ದುಂಡಗೆ ಉಳಿದಿರಲಿಲ್ಲ, ಹುಣಸೆ ಬೀಜದ ಹಾಗೆ ಉದ್ದವಾಗಿತ್ತು. ರಾಡಿನ ಕವೆಯ ತೂತುಗಳೂ ಸವೆದಿದ್ದವು. ಮೂರೂ ಸೇರಿ ಸುಮಾರು 6 ಮಿ.ಮೀ. ಸಡಿಲ. ಐವತ್ತು ವರ್ಷದಲ್ಲಿ ಎಷ್ಟು ಕಾಲುಗಳು ಆ ಪೆಡಲ್ ಒತ್ತಿದವೋ. ಒಂದೊಂದು ಸಲ ಒತ್ತಿದಾಗಲೂ ಕಣ್ಣಿಗೆ ಕಾಣದಷ್ಟು ಕಬ್ಬಿಣ ಹೋಗಿದೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಮಾಸ್ಟರ್ ಸಿಲಿಂಡರಿನ ಒಳಗಲ ಮುಕ್ಕಾಲು ಅಂಗುಲ. ಸ್ಲೇವಿನದು ಒಂದೂಕಾಲು ಅಂಗುಲ. ವಿಸ್ತೀರ್ಣ ನೋಡಿದರೆ 9ಕ್ಕೆ 25. ಅಂದರೆ ಮಾಸ್ಟರಿಗೆ ಕೊಟ್ಟ ಬಲ ಸ್ಲೇವಿನಲ್ಲಿ ಮೂರು ಪಟ್ಟಿಗೆ ಹತ್ತಿರ ಆಗುತ್ತದೆ. ಚಲನೆ ಅಷ್ಟೇ ಪಾಲು ಕುಗ್ಗುತ್ತದೆ. ಹಾಗಾಗಿ ಪಿನ್ನಿನ ಹತ್ತಿರ ಕಳೆದ 6 ಮಿ.ಮೀ. ಕೆಳಗೆ ಎರಡು ಮಿ.ಮೀ. ಚಿಲ್ಲರೆ ಆಗಿ ಕಾಣುತ್ತದೆ. ನನಗೆ ಸಿಗದೇ ಇದ್ದದ್ದೂ ಸುಮಾರು ಅಷ್ಟೇ. ಕೆಳಗೆ ಮಲಗಿ ಅಳೆದವರಿಗೆ ಅದು ಸಣ್ಣ ಕೊರತೆ ಅನ್ನಿಸುತ್ತದೆ. ಮೇಲೆ ನಿಂತು ನೋಡಿದರೆ ಕಣ್ಣಿಗೆ ಹೊಡೆಯುವಷ್ಟು ಸಡಿಲ. ಒಂದೇ ನಷ್ಟ, ಅಳೆಯುವ ಜಾಗ ಬೇರೆ.

ಈ ಕ್ಲಚ್‌ಗೆ ಅಡ್ಜಸ್ಟ್ ಮಾಡುವ ಸ್ಕ್ರೂ ಇಲ್ಲ ಅನ್ನುವುದೂ ಇಲ್ಲಿ ಸೇರುತ್ತದೆ. ಪ್ಲೇಟ್ ಸವೆದರೆ ಸ್ಲೇವ್ ತಾನೇ ಸರಿದೂಗಿಸಿಕೊಳ್ಳುತ್ತದೆ. ಪಿನ್ ಸವೆದರೆ ಯಾರೂ ಸರಿದೂಗಿಸುವುದಿಲ್ಲ. ಪೆಡಲಿಗೆ ಕೆಳಗೆ ಹೋಗಲು ನೆಲದ ತನಕ ಮಾತ್ರ ಜಾಗ. ಶುರುವಿನಲ್ಲಿ ಕಳೆದದ್ದು ಕಳೆದೇ ಹೋಯಿತು.

ಹೊಸ ಪಿನ್ನಿನ ಬೆಲೆ ಇಲ್ಲಿ ಒಂದು ಕಾಫಿಗಿಂತ ಕಡಿಮೆ. ಪೆಡಲಿನ ತೂತನ್ನು ವೆಲ್ಡಿಂಗ್ ಮಾಡಿಸಿ ಮುಚ್ಚಿ, ಮತ್ತೆ ದುಂಡಗೆ ಕೊರೆಸಿದೆ. ಕವೆ ಬದಲಿಸಿದೆ. ಗ್ರೀಸ್ ಹಚ್ಚಿದೆ. ಹಿಂದಿನ ಯಾವ ಮಾಲೀಕರೂ ಅಲ್ಲಿಗೆ ಗ್ರೀಸ್ ಮುಟ್ಟಿಸಿದ ಗುರುತಿರಲಿಲ್ಲ. ನಾನೂ ಆ ಪಟ್ಟಿಯಲ್ಲಿ ಆರು ವರ್ಷ ಇದ್ದೆ.

ಅಳೆದೆ. ಹನ್ನೆರಡೂವರೆ, ಸ್ವಲ್ಪ ಮೇಲೆ.

ಎಂಜಿನ್ ಚಾಲೂ ಮಾಡಿ, ಕ್ಲಚ್ ಒತ್ತಿ, ಮೂರು ಎಣಿಸಿ, ರಿವರ್ಸ್ ಹಾಕಿದೆ. ಸದ್ದೇ ಇಲ್ಲ. ಹಾಕಿದೆನೋ ಇಲ್ಲವೋ ಅಂತ ಗೇರ್ ಲಿವರ್ ಮುಟ್ಟಿ ನೋಡಿಕೊಂಡೆ.

ಆ ಗ್ಯಾರೇಜಿನವರ ಮೇಲೆ ನನಗೆ ಸಿಟ್ಟು ಇತ್ತು, ಈಗಲೂ ಸ್ವಲ್ಪ ಇದೆ. ಮುಚ್ಚಳ ತೆಗೆಯಲು ಹತ್ತು ನಿಮಿಷ ಸಾಕಿತ್ತು. ಆದರೆ ಪೆಟ್ಟಿಗೆ ತರಿಸಿದ್ದು ಅವರಲ್ಲ, ನಾನು. ಇಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಏನೂ ಆಗದ ಕಾರಿಗೆ ವರ್ಷದ ಕಡ್ಡಾಯ ತಪಾಸಣೆ ಇಲ್ಲ. ರಸ್ತೆ ತೆರಿಗೆಯೂ ಇಲ್ಲ. ಸರ್ಕಾರವೇ ಕೈಬಿಟ್ಟ ಮೇಲೆ ನೋಡಿಕೊಳ್ಳಬೇಕಾದವರು ಯಾರು ಅಂತ ಬೇರೆ ಹೇಳಬೇಕಾ?

ಒಂದು ಅಭ್ಯಾಸ ಮಾತ್ರ ಬದಲಿಸಿಕೊಂಡೆ. ನಾನು ಕಾರು ಓಡಿಸಿದ್ದು ಜಾಸ್ತಿ ಬೆಂಗಳೂರಿನಲ್ಲಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ, ಕ್ಲಚ್ ಒತ್ತಿಕೊಂಡೇ ಕಾಯುವುದು. ಹಸಿರು ಬಂದ ತಕ್ಷಣ ನುಗ್ಗದಿದ್ದರೆ ಹಿಂದಿನವರು ಹಾರ್ನ್‌ನಲ್ಲೇ ವಂಶ ಜಾಲಾಡುತ್ತಾರಲ್ಲ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸಲು ಒತ್ತುವುದು ರಿಲೀಸ್ ಬೇರಿಂಗ್. ಎಂಜಿಬಿಯಲ್ಲಿ ಅದಕ್ಕೆ ಗುಂಡುಗಳಿಲ್ಲ. ಅದೊಂದು ಕಾರ್ಬನ್ ಉಂಗುರ. ಪೆಡಲ್ ಒತ್ತಿದಷ್ಟು ಹೊತ್ತೂ ಉಜ್ಜಿ ಉಜ್ಜಿ ಸವೆಯುತ್ತದೆ, ಸ್ಲೇಟಿನ ಮೇಲಿನ ಬಳಪದ ಹಾಗೆ. ಅದು ಮುಗಿದರೆ ನಿಜವಾಗಿಯೂ ಎಂಜಿನ್ ಇಳಿಸಬೇಕು. ಈಗ ಸಿಗ್ನಲ್ ಬಂದರೆ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಕಾಲು ನೆಲಕ್ಕೆ. ಮೊದಮೊದಲು ಕಾಲಿಗೆ ಕೆಲಸ ಇಲ್ಲದೆ ಒಂಥರಾ ಆಗುತ್ತಿತ್ತು.

ಅಪ್ಪನಿಗೆ ಸವೆದ ಪಿನ್ನಿನ ಫೋಟೋ ಕಳಿಸಿದೆ. ಇಷ್ಟೇನಾ ಅಂದರು. ಆಮೇಲೆ, ಈ ಸಲ ನಾಲೆ ನೀರು ಇನ್ನೂ ಬಂದಿಲ್ಲ ಅಂತ ಮಾತು ತಿರುಗಿಸಿದರು. ಅದಕ್ಕೆ ನಾನು ಹೇಳಬಹುದಾದದ್ದು ಏನೂ ಇರಲಿಲ್ಲ.

ಕ್ಲಚ್ ಕಿಟ್ಟಿನ ಪೆಟ್ಟಿಗೆ ಶೆಡ್‌ನಲ್ಲೇ ಇದೆ. ವಾಪಸ್ ಕಳಿಸೋಣ ಅಂತ ಎತ್ತಿಟ್ಟಿದ್ದೆ. ಹೋದ ವಾರ ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲೆ ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗದ ನೇರಕ್ಕೆ ಎರಡು ಎಣ್ಣೆ ಹನಿ ಬಿದ್ದಿದ್ದವು. ಎಂಜಿನ್ನಿನ ಹಿಂದಿನ ಸೀಲ್ ಇರಬಹುದು. ಗೇರ್ ಬಾಕ್ಸಿನ ಮುಂದಿನ ಸೀಲ್ ಕೂಡ ಇರಬಹುದು. ಹನಿಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದಿದ್ದೇನೆ.